ಕಾರ್ಡ್ ಕೇಳೂಕಿಂತ ಮೊದಲ ನಿಮ್ಮ ಹೆಸರಿನ ಲೆಕ್ಕಾ ನೋಡ್ರಿ

ಈ ವರ್ಷ ಶ್ರಾವಣದಾಗ ಅರಿಷಿಣ-ಕುಂಕುಮಕ್ಕ ಯಾರ ಮನಿಗೆ ಹೋದ್ರೂ, ಸೀರಿ ಮತ್ತ ಬಂಗಾರದ ರೇಟಿನ ಮಾತು ಮುಗಿದ ಮ್ಯಾಲೆ ಕ್ರೆಡಿಟ್ ಕಾರ್ಡಿನ ಸುದ್ದಿ ಶುರು. "ನಮ್ಮ ಮಗಾ ಪಾಯಿಂಟಿನ ಮ್ಯಾಲೇನ ಸಿಂಗಾಪುರಕ್ಕ ಹೋಗಿ ಬಂದಾ." "ನಮ್ಮ ಸೊಸಿ ಏರ್‌ಪೋರ್ಟಿನಾಗ ಎರಡು ರೂಪಾಯಿದಾಗ ಹೊಟ್ಟಿ ತುಂಬ ಉಂಡು ವಿಮಾನ ಹತ್ತಿದ್ಲು." "ವೈನಿ, ನೀವೂ ಒಂದು ಮಾಡಸ್ರಿ, ಪುಕ್ಕಟೆ ಅದ." ಪುಕ್ಕಟೆ ಅಂದಕೂಡಲೇ ನಮ್ಮ ಕಿವಿ ನಿಮಿರತಾವ, ಅದರಾಗ ನಾಚಿಕಿ ಪಡೂ ಅಂಥಾದ್ದೇನಿಲ್ಲ. ಸಂತ್ಯಾಗ ಕೊತಂಬ್ರಿ ಕೊಸರು ಕೇಳಿ ಇಸ್ಗೊಳ್ಳೂ ಮಂದಿ ನಾವು.

ಕಾರ್ಡ್ ಬ್ಯಾಡ ಅಂತ ನಾ ಹೇಳೂದಿಲ್ಲ. ಆದ್ರ ಅರ್ಜಿ ಹಾಕೂಕಿಂತ ಮೊದಲ ಅದು ನಮಗ ಸಿಗ್ತದೋ ಇಲ್ಲೋ ಅಂತ ನಾವ ನೋಡ್ಕೋಬೇಕು. ನನ್ನ ಕೇಳಿದ್ರ, ಆ ನೋಡೂ ಕೆಲಸ ಕಾರ್ಡಿನಕಿಂತಾ ದೊಡ್ಡದು. ಕಾರ್ಡ್ ಬರ್ಲಿ ಬಿಡ್ಲಿ, ನೋಡಿದ್ದು ದಂಡ ಆಗಂಗಿಲ್ಲ.

ನಮಗ ಒಂದು ರೂಢಿ ಬಿದ್ದದ. 2023 ರ ಜೂನ್ 11 ಕ್ಕ ಶಕ್ತಿ ಯೋಜನೆ ಶುರು ಆತು. ಆಧಾರ್ ತೋರ್ಸಿದ್ರ ಕಂಡಕ್ಟರ್ ಟಿಕೆಟ್ ಕೊಟ್ಟ ಬಿಡ್ತಾನ. ನೀ ಎಷ್ಟು ಗಳಸ್ತಿ, ಯಾರ ಹತ್ರ ಸಾಲಾ ಮಾಡೀದಿ, ತೀರಿಸೀದಿ ಇಲ್ಲೋ, ಯಾರೂ ಕೇಳೂದಿಲ್ಲ. ಕರ್ನಾಟಕದ ಹೆಣ್ಣುಮಗಳು ಅಂದ್ರ ಮುಗೀತು. ಬ್ಯಾಂಕಿನ ಪ್ರವಾಸದ ಕಾರ್ಡೂ ಹಂಗ ಇರಬೇಕು, ಒಂದು ಫಾರ್ಮ್ ತುಂಬಿದ್ರ ಆತು ಅಂತ ನಮ್ಮ ತಲ್ಯಾಗ ಕೂತಬಿಟ್ಟದ. ಮಾಲ್‌ನ್ಯಾಗ ಟೇಬಲ್ ಹಾಕ್ಕೊಂಡು ನಿಂತಿರೂ ಹುಡುಗೂರೂ ಹಂಗ ಹೇಳ್ತಾರ: "ಮೇಡಂ, ಸುಮ್ನ ಒಂದು ಅಪ್ಲೈ ಮಾಡ್ರಿ, ಬಂದ್ರ ಬರ್ಲಿ, ಬರದಿದ್ರ ಬಿಡ್ಲಿ, ಏನೂ ಖರ್ಚಿಲ್ಲ." ಆ ಹುಡುಗೂರ ಮ್ಯಾಲೆ ಸಿಟ್ಟಾಗಬ್ಯಾಡ್ರಿ, ಅವಕ್ಕ ತಿಂಗಳಿಗೆ ಇಷ್ಟು ಫಾರ್ಮ್ ಅಂತ ಗುರಿ ಇರ್ತದ. ಆದ್ರ ಏನೂ ಖರ್ಚಿಲ್ಲ ಅನ್ನೂದು ಮಾತ್ರ ಖರೆ ಅಲ್ಲ.

ಖರ್ಚು ಹೆಂಗ ಅಂದ್ರ, ನೀವು ಅರ್ಜಿ ಹಾಕಿದಕೂಡಲೇ ಬ್ಯಾಂಕಿನವ್ರು ನಿಮ್ಮ ಸಾಲದ ಚರಿತ್ರಾ ತರಿಸಿ ನೋಡ್ತಾರ. ಹಂಗ ನೋಡಿದ್ದೂ ಆ ಚರಿತ್ರಾದಾಗ ಬರಕೊಂಡು ಕೂಡ್ತದ, ಇಂಥಾ ದಿವಸ ಇಂಥಾ ಬ್ಯಾಂಕಿನವ್ರು ಕೇಳಿದ್ರು ಅಂತ. ಓಣ್ಯಾಗ ಒಬ್ಬಾಕಿ ಒಂದ ದಿನಾ ನಾಕು ಮನಿಗೆ ಹೋಗಿ ಕೈಗಡ ಕೇಳಿದ್ಲಂದ್ರ ಐದನೇ ಮನಿಯಾಕಿ ಏನ ಅಂತಾಳ? "ಪಾಪ, ಈಕಿಗೇನೋ ಗಂಡಾಂತರ ಬಂದದ, ಕೊಟ್ರ ತಿರುಗಿ ಬರೂದಿಲ್ಲ" ಅಂತ ಬಾಗಲಾ ಮುಂದ ಮಾಡ್ತಾಳ. ಬ್ಯಾಂಕೂ ಹಂಗ. ಒಂದು ತಿಂಗಳದಾಗ ನಾಕು ಕಡೆ ಅರ್ಜಿ ಹಾಕಿದ್ರ ಸ್ಕೋರ್ ಇಳೀತದ, ಮುಂದ ಖರೇನ ಸಾಲಾ ಬೇಕಾದಾಗ, ಅಂದ್ರ ಮಗಳ ಎಜುಕೇಶನ್ ಲೋನಿಗೆ ಸಹಿ ಹಾಕೂ ಹೊತ್ತಿನಾಗ, ಆ ಹಳೇ ಗುರುತು ಕಣ್ಣಿಗೆ ಬೀಳ್ತದ. ಅದ, ನಮ್ಮ ಲೆಕ್ಕಾ ನಾವ ತಗದು ನೋಡಿದ್ರ ಸ್ಕೋರಿಗೆ ಒಂದು ಚೂರೂ ಧಕ್ಕಿ ಇಲ್ಲ. ಎಷ್ಟ ಸಲಾ ಬೇಕಾದ್ರೂ ನೋಡ್ರಿ. ಈ ಫರಕು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಲ್ಲ. "ಪದೇ ಪದೇ ನೋಡಿದ್ರ ಸಿಬಿಲ್ ಕಡಿಮಿ ಆಗ್ತದಂತ" ಅಂತ ದೃಷ್ಟಿ ತಗುಲಿಧಂಗ ಹೆದರ್ತಾರ.

ಸಿಬಿಲ್ ಅಂತ ಎಲ್ಲಾರ ಬಾಯಾಗೂ ಅದ, ಆದ್ರ ನಮ್ಮ ದೇಶದಾಗ ಇಂಥಾ ಲೆಕ್ಕಾ ಇಡೂ ಕಂಪನಿ ನಾಕು ಅವ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಕೂ ಕಂಪನಿಗಳು ವರ್ಷಕ್ಕ ಒಂದು ಸಲಾ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮಾನ ಮಾಡೇದ. ಮೂರು ತಿಂಗಳಿಗೊಂದರಂತೆ ಪಾಳಿ ಹಚ್ಚಿ ತಗೊಂಡ್ರ ಇಡೀ ವರ್ಷ ಬಿಡಿಗಾಸಿಲ್ದ ನಡೀತದ. ಬೇಕಾಗೂದು ಪ್ಯಾನ್ ನಂಬರ್, ಹುಟ್ಟಿದ ತಾರೀಖು, ಮೊಬೈಲಿಗೆ ಬರೂ ಒಟಿಪಿ, ಇಷ್ಟ. ಆ ಕಂಪನಿಯವರ ಸ್ವಂತ ವೆಬ್‌ಸೈಟಿನಾಗ ತಗೀರಿ. ಸಿಕ್ಕಸಿಕ್ಕ ಆ್ಯಪಿನಾಗ ಕೊಟ್ರ ಮರುದಿವಸದಿಂದ "ಮೇಡಂ, ಲೋನ್ ಬೇಕೇನ್ರಿ" ಅಂತ ಫೋನು ನಿಲ್ಲೂದಿಲ್ಲ. ಸ್ಕೋರ್ 300 ರಿಂದ 900 ರ ತನಕ ಇರ್ತದ. 750 ರ ಮ್ಯಾಲಿದ್ರ ಬ್ಯಾಂಕಿನವ್ರು ನಕ್ಕೋತ ಮಾತಾಡ್ತಾರ ಅಂತ ತಿಳೀರಿ.

ಈಗ ನಾ ಹೇಳಬೇಕಂತ ಕೂತ ಮಾತಿಗೆ ಬರ್ತೇನಿ. ಮೂವತ್ತು ವರ್ಷ ಸಂಸಾರ ಮಾಡಿದ ನಮ್ಮಂಥಾ ಎಷ್ಟೋ ಮಂದಿ ಮೊದಲ ಸಲಾ ರಿಪೋರ್ಟ್ ತಗದಾಗ ಅಲ್ಲೆ ನಂಬರಾನ ಇರೂದಿಲ್ಲ. ಚರಿತ್ರಾನ ಇಲ್ಲ ಅಂತ ಬರ್ತದ. ಮನಿ ಕಟ್ಟೇವಿ, ಮಕ್ಕಳ ಮದವಿ ಮಾಡೇವಿ, ಹಾಲಿನವ್ಗ, ಕಿರಾಣಿ ಅಂಗಡಿಗೆ, ಚೀಟಿಗೆ ಒಂದ ದಿನಾ ತಪ್ಪಿಸಿಲ್ಲ. ಆದ್ರ ಅದೆಲ್ಲಾ ಎಲ್ಲೂ ಬರದಿಟ್ಟಿಲ್ಲ. ಬರದಿಟ್ಟದ್ದೆಲ್ಲಾ ಯಜಮಾನ್ರ ಹೆಸರಿನಾಗ.

ಬಂಗಾರದ ಸಾಲದ ಲೆಕ್ಕಾನ ನೋಡ್ರಿ. ಮನ್ಯಾಗ ಅಡಚಣಿ ಬಂತಂದ್ರ ಮೊದಲ ಕೈಯಾನ ಪಾಟ್ಲಿ, ಬಿಲ್ವಾರ ಬಿಚ್ಚಿ ಕೊಡಾಕಿ ಯಾರು? ತವರುಮನಿಯಿಂದ ಬಂದ ಬಂಗಾರ ಅದು. ಅದನ್ನ ಅಡಾ ಇಟ್ಟಾಗ ಬ್ಯಾಂಕಿನಾಗ ಸಹಿ ಮಾಡಿದವ್ರು ಯಜಮಾನ್ರು, ಸಾಲದ ಖಾತೆ ಅವರ ಹೆಸರಿಗೆ, ವೇಳ್ಯಾಕ್ಕ ಬಿಡಿಸಿದ್ರ ಸ್ಕೋರ್ ಏರಿದ್ದೂ ಅವರದ. ಬಂಗಾರ ನಮ್ಮದು, ಮರ್ಯಾದಿ ಅವರದು. ಇದರಾಗ ಗಂಡಸರ ಮೋಸ ಏನಿಲ್ಲ, ಪಾಪ, ಬ್ಯಾಂಕಿಗೆ ಹೋಗೂ ರೂಢಿ ಅವರಿಗಿತ್ತು, ಹೋದ್ರು, ಅಷ್ಟ. ಆದ್ರ ಮುಂದಿನ ಸಲಾ ಪಾಟ್ಲಿ ಇಡೂದು ಬಂತಂದ್ರ ನೀವ ಹೋಗಿ ನಿಮ್ಮ ಹೆಸರಿಗೇ ಇಡ್ರಿ. ಬಡ್ಡಿ ಅಷ್ಟ ಇರ್ತದ, ಹೆಸರು ನಿಮ್ಮದಾಗ್ತದ.

ಇದಕ್ಕ ಉಲ್ಟಾನೂ ಆಗ್ತದ. ಚರಿತ್ರಾ ಇಲ್ಲ ಅಂತ ತಿಳಕೊಂಡಾಕಿಗೆ ಭಯಂಕರ ದೊಡ್ಡ ಚರಿತ್ರಾ ಇರ್ತದ. ಹೋಮ್ ಲೋನಿನಾಗ "ಇಲ್ಲೊಂದು ಸಹಿ ಹಾಕು" ಅಂದಾಗ ಹಾಕಿರ್ತೇವಲ್ಲಾ, ಆ ಪೂರ್ತಿ ಸಾಲ ನಮ್ಮ ರಿಪೋರ್ಟಿನಾಗೂ ಕೂಡ್ತದ, ಅರ್ಧಾ ಅಲ್ಲ. ಫೈನಾನ್ಸ್ ಕಂಪನಿಯವ್ರು ಹೆಣ್ಣುಮಕ್ಕಳ ಗುಂಪು ಮಾಡಿ ಕೊಡೂ ಸಾಲಾನೂ ಅಲ್ಲೆ ಬರ್ತದ. ನಿಮ್ಮ ಹೆಸರಿನ್ಯಾಗ ಸಾಲಾ ತಗದು ಮತ್ತೊಬ್ಬಾಕಿಗೆ ಕೊಟ್ಟಿದ್ರ, ಆಕಿ ಕಂತು ತಪ್ಪಿಸಿದ್ದು ನಿಮ್ಮ ಹಣ್ಯಾಗ ಬರೀತದ.

ನಮ್ಮ ಓಣ್ಯಾಗ ಬ್ಲೌಸ್ ಹೊಲಿಯೂ ವೈನಿ ಒಬ್ರು ಇದ್ದಾರ. ಹೆಸರು ಬರಿಯಂಗಿಲ್ಲ, ಅವರ ಒಪ್ಪಿಗಿ ತಗೊಂಡ ಬರದೇನಿ. ಪುಣೆಯಾಗಿನ ಮಗಳ ಬಾಣಂತನಕ್ಕ ಹೋಗಿಬರೂದು ಇತ್ತು, ರೈಲು-ವಿಮಾನದ ಟಿಕೆಟಿನಾಗ ಉಳೀತದ ಅಂತ ಒಂದು ಪ್ರವಾಸದ ಕಾರ್ಡಿಗೆ ಅರ್ಜಿ ಹಾಕಿದ್ರು. ಆಗಂಗಿಲ್ಲ ಅಂತ ಬಂತು. ಸಿಟ್ಟಿನಾಗ ಇನ್ನೊಂದು ಬ್ಯಾಂಕಿಗೆ, ಅಲ್ಲೂ ಇಲ್ಲ. "ನನ್ನ ಹೊಲಿಗಿ ದುಡ್ಡು ಕಡಿಮಿ ಅಂತ ಕೊಡಲಿಲ್ಲ" ಅಂತ ಅವರು ತಿಳಕೊಂಡಿದ್ರು. ಕೂಡಿಸ್ಕೊಂಡು ರಿಪೋರ್ಟ್ ತಗದು ನೋಡಿದ್ರ ಕಾರಣ ಬ್ಯಾರೆನ ಇತ್ತು. ಆರು ವರ್ಷದ ಹಿಂದ ಮೈದುನ ಟೆಂಪೋ ತಗೊಂಡಾಗ ಜಾಮೀನಿಗೆ ಅಂತ ವೈನಿ ಸಹಿ ಹಾಕಿದ್ರು. ಸಹಿ ಹಾಕಿದ್ದು ನೆನಪಿತ್ತು, ಎದಕ್ಕ ಹಾಕಿದ್ದು ಅಂತ ನೆನಪಿರಲಿಲ್ಲ. ನಾಕು ಕಂತು ಬಾಕಿ, ಅದೂ ಮೂರು ತಿಂಗಳ ಮ್ಯಾಲೆ ಆಗಿತ್ತು. ಮೈದುನ ದಿನಾ ಇವರ ಮನಿ ಮುಂದ ಆ ಟೆಂಪೋ ನಿಲ್ಲಿಸಿ ಚಹಾ ಕುಡದು ಹೋಗ್ತಿದ್ದ, ಒಂದ ಮಾತು ಹೇಳಿರಲಿಲ್ಲ.

ಜಾಮೀನು ಅಂದ್ರ ಸಾಕ್ಷಿ ಸಹಿ ಅಂತ ನಮ್ಮಲ್ಲೆ ಭಾಳ ಮಂದಿ ತಿಳಕೊಂಡಾರ. ಅಲ್ರೀ. 1872 ರ ಕರಾರು ಕಾಯ್ದೆ ಪ್ರಕಾರ ಜಾಮೀನು ಕೊಟ್ಟವರ ಹೊಣಿ, ಕರಾರಿನಾಗ ಬ್ಯಾರೆ ಏನರೆ ಬರದಿರದಿದ್ರ, ಸಾಲಾ ತಗೊಂಡವರ ಹೊಣಿಯಷ್ಟ. ಅವಾ ಕಟ್ಟದಿದ್ರ ಬ್ಯಾಂಕು ನಮ್ಮ ಬಾಗಲಿಗೆ ಬರಬಹುದು. ಮತ್ತ "ನನಗ ಸಾಕಾತು, ನನ್ನ ಹೆಸರು ತಗೀರಿ" ಅಂದ್ರ ಬ್ಯಾಂಕು ಒಪ್ಪದ ತಗಿಯೂದಿಲ್ಲ. ವೈನಿ ಮನ್ಯಾಗ ದೊಡ್ಡ ರಾಮಾಯಣಾನ ಆತು. ಮೈದುನ ಎರಡು ಕಂತು ತುಂಬ್ಯಾನ, ಇನ್ನೂ ಎರಡು ಹಂಗ ಅವ. ಕಾರ್ಡಿನ ಆಸೆ ಅವರು ಬಿಟ್ರು. ಆದ್ರ ಆ ಕಾರ್ಡಿನ ನೆವದಿಂದ ಈ ಸುದ್ದಿ ಹೊರಗ ಬಂತು. ಇಲ್ಲಂದ್ರ ವಸೂಲಿ ನೋಟೀಸು ಬಂದಾಗನ ತಿಳೀತಿತ್ತು. ಅದಕ್ಕ ನಾ ಅನ್ನೂದು, ನೋಡೂ ಕೆಲಸ ಕಾರ್ಡಿನಕಿಂತ ದೊಡ್ಡದು ಅಂತ.

ರಿಪೋರ್ಟಿನಾಗ ತಪ್ಪು ಇದ್ರ ಅದನ್ನ ತಿದ್ದಸ್ಲಿಕ್ಕೆ ಬರ್ತದ. ಮುಗಿಸಿದ ಸಾಲಾ ಇನ್ನೂ ನಡೀಲಿಕತ್ತದ ಅಂತ ಇರ್ತದ, ಮತ್ತೊಬ್ಬಾಕಿ ಸಾಲಾ ನಮ್ಮ ಹೆಸರಿಗೆ ಕೂತಿರ್ತದ, ತವರಿನ ಅಡ್ಡಹೆಸರು ಮತ್ತ ಗಂಡನ ಮನಿ ಅಡ್ಡಹೆಸರು ಎರಡೂ ಕಲಸಿ ಗೊಂದಲ ಆಗಿರ್ತದ. ಈ ಹೆಸರಿನ ತಾಪತ್ರಯ ಗಂಡಸರಿಗಿಲ್ಲ, ನಮಗಷ್ಟ. ವೆಬ್‌ಸೈಟಿನಾಗ ತಕರಾರು ಹಾಕಿದ್ರ 30 ದಿವಸದಾಗ ಬಗೆಹರಿಸಬೇಕು, ಆಮ್ಯಾಲೆ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024 ರಿಂದ ನಿಯಮ ಅದ. ಆದ್ರ ಈ ತಿದ್ದುಪಡಿ ಅರ್ಜಿ ಹಾಕೂಕಿಂತ ಮೊದಲ ಆಗಬೇಕು, ನಕಾರ ಬಂದ ಮ್ಯಾಲೆ ಅಲ್ಲ.

ಇನ್ನ ಆದಾಯದ ಮಾತು. ಪ್ರವಾಸದ ಕಾರ್ಡಿಗೆ ಸಾದಾ ಕಾರ್ಡಿನಕಿಂತ ಆದಾಯದ ಮೆಟ್ಟಲಾ ಎತ್ತರ ಇರ್ತದ. ಪಗಾರದ ಚೀಟಿ ಕೇಳ್ತಾರ, ಇಲ್ಲಾ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳ್ತಾರ. ವಯಸ್ಸು, ಊರಿನ ಪಿನ್‌ಕೋಡ್ ಸುದ್ದಾ ನೋಡ್ತಾರ, ಕೆಲವು ಕಾರ್ಡ್ ನಮ್ಮ ತಾಲೂಕಿಗೆ ಕೊಡಂಗೇ ಇಲ್ಲ. ಇವೆಲ್ಲಾ ಬ್ಯಾಂಕಿನ ವೆಬ್‌ಸೈಟಿನಾಗ ಅರ್ಹತಾ ಅಂತ ಬರದಿರ್ತಾರ, ಐದು ನಿಮಿಷದ ಓದು. ಓದಿ, ನಮಗ ಬರೂದಿಲ್ಲ ಅಂದ್ರ ಅಲ್ಲಿಗೇ ಬಿಡೂದು. ಕೆಲವು ಬ್ಯಾಂಕಿನಾಗ ಮೊಬೈಲ್ ನಂಬರ್, ಪ್ಯಾನ್ ಹಾಕಿದ್ರ "ನಿಮಗ ಈ ಕಾರ್ಡ್ ಸಿಗಬಹುದು" ಅಂತ ಮೊದಲ ತೋರಸ್ತಾರ. ಅದು ಸ್ಕೋರಿಗೆ ಮುಟ್ಟೂ ಪೈಕಿ ವಿಚಾರಣಾ ಹೌದೋ ಅಲ್ಲೋ ಅಂತ ಅಲ್ಲೇ ಸಣ್ಣ ಅಕ್ಷರದಾಗ ಇರ್ತದ, ಚಾಳೀಸ ಹಾಕ್ಕೊಂಡು ಓದ್ರಿ. ನಿಮ್ಮ ಉಳಿತಾಯ ಖಾತೆ ಇರೂ ಬ್ಯಾಂಕಿನಾಗ ಮೊದಲ ಕೇಳೂದು ಚೊಲೊ, ಅವರಿಗೆ ನಿಮ್ಮ ಮುಖಾ ಗೊತ್ತಿರ್ತದ.

ಇಲ್ಲೊಂದು ತಮಾಷೆ ಹೇಳ್ತೇನಿ ಕೇಳ್ರಿ. ರಿಸರ್ವ್ ಬ್ಯಾಂಕಿನ 2022 ರ ನಿಯಮದಾಗ, ಮನಿತನದ ವರ್ಷದ ಆದಾಯ 3 ಲಕ್ಷದ ಒಳಗಿದ್ರ ಅಡಮಾನ ಇಲ್ದ ಕೊಡೂ ಸಾಲಕ್ಕ ಮೈಕ್ರೋಫೈನಾನ್ಸ್ ಸಾಲ ಅಂತಾರ. ಅಂದ್ರ ಹೆಣ್ಣುಮಗಳಿಗೆ ಗುಂಪಿನ ಸಾಲಾ ಕೊಡಬೇಕಾದ್ರ ಇಡೀ ಮನಿಯ ಆದಾಯ ಲೆಕ್ಕಕ್ಕ ಬರ್ತದ. ಅದ ಹೆಣ್ಣುಮಗಳು ಕಾರ್ಡ್ ಕೇಳಿದ್ಲಂದ್ರ "ನಿಮ್ಮ ಸ್ವಂತ ಆದಾಯ ಎಷ್ಟು?" ಸಾಲಾ ಹೊರಸೂವಾಗ ನಾವು ಮನಿತನ, ಸವಲತ್ತು ಕೊಡೂವಾಗ ನಾವು ಒಂಟಿ. ಅಮೆರಿಕಾದಾಗ 2013 ರಿಂದ ನಿಯಮ ಬದಲಿ ಮಾಡ್ಯಾರ, ಮನ್ಯಾಗಿರೂ ಹೆಂಡ್ತಿ 21 ವರ್ಷ ದಾಟಿದ್ರ, ಗಂಡನ ಆದಾಯ ಆಕಿ ಕೈಗೂ ಸಿಗೂ ಹಂಗಿದ್ರ ಕಾರ್ಡಿನ ಅರ್ಜ್ಯಾಗ ಅದನ್ನೂ ತೋರಸ್ಲಿಕ್ಕೆ ಬರ್ತದ. ಅಲ್ಲಿರೂ ನಮ್ಮ ಹುಡುಗ್ಯಾರು ವಾಟ್ಸ್ಯಾಪಿನಾಗ "ಮೌಶಿ, ಈಸಿ ಅದ, ಹಾಕಿಬಿಡ್ರಿ" ಅಂತಾರಲ್ಲ, ಅವರ ದೇಶದ ಮಾತು ಅದು. ಇಲ್ಲೆ ಯಾರರೆ ಏಜೆಂಟ್ "ಸರ್ ಪಗಾರ ನಿಮ್ಮದಂತ ಬರೀರಿ, ನಡೀತದ" ಅಂದ್ರ ಸಹಿ ಹಾಕಬ್ಯಾಡ್ರಿ. ಸುಳ್ಳು ಬರದ ಅರ್ಜಿ ಕೆಳಗ ಇರೂದು ನಿಮ್ಮ ಸಹಿ, ಏಜೆಂಟಂದಲ್ಲ.

ಹಂಗಾರ ಸ್ವಂತ ಪಗಾರ ಇಲ್ದಾಕಿ ಏನ ಮಾಡಬೇಕು? ಎರಡು ದಾರಿ ಹೇಳ್ತಾರ. ಮೊದಲನೇದು ಯಜಮಾನ್ರ ಕಾರ್ಡಿನ ಮ್ಯಾಲೆ ಆ್ಯಡ್-ಆನ್ ಕಾರ್ಡ್. ಲಗೂನ ಸಿಗ್ತದ, ನಿಮ್ಮ ಆದಾಯ ಯಾರೂ ಕೇಳೂದಿಲ್ಲ. ಆದ್ರ ಬಿಲ್ಲಿನ ಹೊಣಿ ಮೂಲ ಕಾರ್ಡಿನವರದು, ಸ್ಕೋರೂ ಅವರದ. ಮೂಲ ಕಾರ್ಡ್ ಮುಚ್ಚಿದ ದಿನಾ ನಿಮ್ಮದೂ ಮುಚ್ಚಿತು. ಗಂಡನ್ನ ಕಳಕೊಂಡ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದನ್ನ ಆ ದುಃಖದ ದಿನದಾಗನ ತಿಳಕೋತಾರ. ಪಾಟ್ಲಿ ಕಥಿಗೂ ಇದಕ್ಕೂ ನನಗೇನೂ ಫರಕು ಕಾಣೂದಿಲ್ಲ.

ಎರಡನೇದು ಎಫ್‌ಡಿ ಮ್ಯಾಲೆ ಕಾರ್ಡ್. ಭಾಳ ಬ್ಯಾಂಕಿನಾಗ ಅದ. ನಿಮ್ಮ ಹೆಸರಿನಾಗ ಒಂದು ಠೇವಣಿ ಇಟ್ರ, ಅದರ ಹೆಚ್ಚೂಕಡಿಮಿ ಅಷ್ಟ ಮೊತ್ತಕ್ಕ ಕಾರ್ಡ್ ಕೊಡ್ತಾರ, ಪಗಾರದ ಚೀಟಿ ಬೇಕಾಗೂದಿಲ್ಲ. ಠೇವಣಿಗೆ ಬಡ್ಡಿ ಬರ್ತಿರ್ತದ. ಇದರಾಗ ಪಾಯಿಂಟು, ಲೌಂಜು ಕಡಿಮಿ, ಒಪ್ಪೇನಿ. ಆದ್ರ ಕಿರಾಣಿ, ಲೈಟ್ ಬಿಲ್ಲು ಅಂತ ತಿಂಗಳಿಗೆ ಎರಡು-ಮೂರು ಸಾವಿರ ಇದರ ಮ್ಯಾಲೆ ಖರ್ಚು ಮಾಡಿ, ಬಿಲ್ಲು ಬಂದಕೂಡಲೇ ಪೂರ್ತಿ ತುಂಬ್ಕೋತ ಹೋದ್ರ ಒಂದು ವರ್ಷದೊಳಗ ನಿಮ್ಮ ಹೆಸರಿನಾಗ ಒಂದು ಚರಿತ್ರಾ ತಯಾರ ಆಗ್ತದ. ಹಪ್ಪಳ-ಸಂಡಿಗಿ ಮಾರಾಟ, ಟ್ಯೂಷನ್, ಟಿಫಿನ್ ಏನರೆ ಮಾಡ್ತಿದ್ರ, ತೆರಿಗೆ ಬೀಳದಿದ್ರೂ ರಿಟರ್ನ್ ತುಂಬ್ರಿ. ಆಮ್ಯಾಲೆ ಪ್ರವಾಸದ ಕಾರ್ಡ್ ಬೇಕೋ ಬ್ಯಾಡೋ ವಿಚಾರ ಮಾಡ್ರಿ. ನನ್ನ ಮತಾ ಈ ಎರಡನೇ ದಾರಿಗೆ.

ಬೇಕೋ ಬ್ಯಾಡೋ ಅಂದ್ನೆಲ್ಲಾ, ಅದನ್ನೂ ನೋಡೂಣು. ಬ್ಯಾಂಕು ನಮ್ಮ ಅರ್ಹತಾ ನೋಡ್ತದ, ಕಾರ್ಡಿನ ಅರ್ಹತಾ ನಾವು ನೋಡಬ್ಯಾಡೇನು? ಲೆಕ್ಕಕ್ಕ ಅಂತ ಹಿಡೀರಿ, ಕಾರ್ಡಿನ ವರ್ಷದ ಫೀ 3,000 ರೂಪಾಯಿ. ಅದರ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ ಕೂಡಿದ್ರ 3,540. ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟು, ಒಂದು ಪಾಯಿಂಟಿಗೆ 25 ಪೈಸೆ ಅಂದ್ರ ನೂರಕ್ಕ ಎಂಟಾಣೆ ಬಂತು. ಆ 3,540 ತಿರುಗಿ ಬರಬೇಕಂದ್ರ ವರ್ಷಕ್ಕ 7,08,000 ರೂಪಾಯಿ ಕಾರ್ಡಿನ ಮ್ಯಾಲೆ ಖರ್ಚು ಮಾಡಬೇಕು, ತಿಂಗಳಿಗೆ 59,000. ನಮ್ಮ ಮನಿ ಸಂತಿ, ಹಾಲು, ಗ್ಯಾಸು, ಔಷಧ ಎಲ್ಲಾ ಕೂಡಿದ್ರೂ ಅಲ್ಲಿಗೆ ಮುಟ್ಟೂದಿಲ್ಲ. ಪೆಟ್ರೋಲು, ಮನಿ ಬಾಡಿಗಿ ಇಂಥಾ ಖರ್ಚಿಗೆ ಭಾಳ ಕಾರ್ಡಿನಾಗ ಪಾಯಿಂಟಾನ ಇಲ್ಲ. ಲೌಂಜಿಗೂ ಈಗ ಎಷ್ಟೋ ಬ್ಯಾಂಕಿನವ್ರು ಹಿಂದಿನ ಮೂರು ತಿಂಗಳಿನಾಗ ಇಷ್ಟು ಖರ್ಚು ಮಾಡಿರಬೇಕು ಅಂತ ಕರಾರು ಹಾಕ್ಯಾರ. ಎರಡು ರೂಪಾಯಿ ಊಟದ ಖರೆ ಬೆಲೆ ಅಲ್ಲಿರ್ತದ.

ಮತ್ತ ನಾವು ಅಡ್ಡಾಡೂದರೆ ಎಲ್ಲಿಗೆ? ಮಂತ್ರಾಲಯ, ಪಂಢರಪುರ, ತಿರುಪತಿ, ಬೆಂಗಳೂರಿನ ಮಗಳ ಮನಿ. ಬೆಂಗಳೂರಿಗೆ ಸಾದಾ ಬಸ್ಸು, ವೇಗದೂತ ಹತ್ತಿದ್ರ ಶಕ್ತಿ ಅದ. ಪಂಢರಪುರ ಮಹಾರಾಷ್ಟ್ರದಾಗ, ಮಂತ್ರಾಲಯ ಆಂಧ್ರದಾಗ, ಅಲ್ಲಿ ಬಸ್ಸಿಗೆ ಶಕ್ತಿ ನಡಿಯೂದಿಲ್ಲ, ಆದ್ರ ರೈಲಿನ ಸ್ಲೀಪರ್ ಟಿಕೆಟಿಗೆ ವಿಮಾನದ ಪಾಯಿಂಟಿನ ಗೊಡವಿ ಯಾಕ? ವರ್ಷಕ್ಕ ನಾಕಾರು ಸಲಾ ವಿಮಾನ ಹತ್ತಾಕಿಗೆ, ಪರದೇಶದ ಮಕ್ಕಳ ಮನಿಗೆ ಹೋಗಿಬರಾಕಿಗೆ ಕಾರ್ಡಿನ ಲಾಭ ಖರೇನ ಅದ, ಅಂಥಾಕಿ ಅವಶ್ಯ ತಗೋಬೇಕು. ಆಕಿನೂ ಪರದೇಶದಾಗ ಉಜ್ಜಿದ್ರ ಬೀಳೂ ಚಾರ್ಜು ಎಷ್ಟು ಅಂತ ಕೇಳಿ ತಗೋಬೇಕು, ಭಾಳ ಕಾರ್ಡಿನಾಗ ಅದು ಮೂರುವರಿ ಪರ್ಸೆಂಟಿನ ತನಕ ಇರ್ತದ, ಮ್ಯಾಲೆ ಜಿಎಸ್‌ಟಿ. ಬಿಲ್ಲು ಪೂರ್ತಿ ತುಂಬ್ಲಿಕ್ಕೆ ಆಗದ ಮನಿಗೆ ಯಾವ ಪಾಯಿಂಟೂ ಲಾಭಲ್ಲ. ತಿಂಗಳಿಗೆ ಮೂರುವರಿ ಪರ್ಸೆಂಟ್ ಅಂದ್ರ 20,000 ಬಾಕಿಗೆ ಬಡ್ಡಿ 700, ಜಿಎಸ್‌ಟಿ ಕೂಡಿ 826. ಒಂದ ತಿಂಗಳಿಗೆ.

ಎಲ್ಲಾ ನೋಡಿ, ಅರ್ಹತಾ ಇದ್ದೂ ಅರ್ಜಿ ಹಾಕಿ, ಇಲ್ಲ ಅಂತ ಬಂದ್ರ ಸುಮ್ನ ಕೂಡಬ್ಯಾಡ್ರಿ. ಯಾಕ ಕೊಡಲಿಲ್ಲ ಅಂತ ಖಚಿತ ಕಾರಣ ಬರದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022 ರ ಕಾರ್ಡಿನ ನಿಯಮದಾಗನ ಅದ. ಕಾರಣ ತಿಳೀದ ಮತ್ತೊಂದು ಬ್ಯಾಂಕಿಗೆ ಓಡೂದು ಬ್ಯಾಡ. ಹಂಗ, ಕೇಳದ ಕಾರ್ಡ್ ಯಾರರೆ ಮನಿಗೆ ಕಳಿಸಿದ್ರ ಅದಕ್ಕ ಒಟಿಪಿ ಕೊಡಬ್ಯಾಡ್ರಿ. ಕೇಳದ ಕಾರ್ಡ್ ಕೊಡೂಹಂಗಿಲ್ಲ, ಅದಕ್ಕ ಬಿಲ್ಲು ಹಾಕಿದ್ರ ಆ ಬಿಲ್ಲು ವಾಪಸ್ ತಗೊಂಡು, ಅದರ ಎರಡು ಪಟ್ಟು ದಂಡ ಅವರ ಕೊಡಬೇಕು. ಬ್ಯಾಡಾದ ಕಾರ್ಡ್ ಬಾಕಿ ತೀರಿಸಿ ಮುಚ್ಚಂದ್ರ ಏಳು ಕೆಲಸದ ದಿನದಾಗ ಮುಚ್ಚಬೇಕು, ತಡ ಮಾಡಿದ್ರ ದಿನಕ್ಕ 500.

ರಿಪೋರ್ಟ್ ತಗೀಲಿಕ್ಕೆ ಬರದವ್ರು ಈ ಶುಕ್ರವಾರ ಆರತಿ ಆದ ಮ್ಯಾಲೆ ನಮ್ಮ ಮನಿಗೆ ಬರ್ರಿ. ಪ್ಯಾನ್ ಕಾರ್ಡ್, ಅದಕ್ಕ ಜೋಡಿಸಿದ ಮೊಬೈಲು, ಚಾಳೀಸ ಮರೀಬ್ಯಾಡ್ರಿ. ಒಟಿಪಿ ನಿಮ್ಮ ಕೈಯಿಂದನ ಹಾಕಬೇಕು, ನಾ ಮುಟ್ಟೂದಿಲ್ಲ. ಅವಲಕ್ಕಿ ಹಚ್ಚಿಟ್ಟಿರ್ತೇನಿ.